ಪ್ರಯೋಗಾಲಯದಲ್ಲಿ ಲೈಮ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಯನ್ನು ರೋಗಿಗೆ ಏಕೆ ಕೊಡುವುದಿಲ್ಲ?

ತುಂಗಾತೀರ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಅಮೆರಿಕದ ಕನೆಕ್ಟಿಕಟ್‌ನಲ್ಲಿದ್ದೇನೆ. ಜೂನ್ ತಿಂಗಳಲ್ಲಿ ನನ್ನ ಹೆಂಡತಿಯ ಮೊಣಕಾಲಿನ ಹಿಂದೆ ಒಂದು ಕೆಂಪು ಮಚ್ಚೆ ಎದ್ದು ದಿನದಿಂದ ದಿನಕ್ಕೆ ಅಗಲವಾಗುತ್ತ ಹೋಯಿತು. ವೈದ್ಯರು ನೋಡಿದ ಕೂಡಲೇ ಉಣುಗು ಕಚ್ಚುವುದರಿಂದ ಬರುವ ಲೈಮ್ ಕಾಯಿಲೆ ಎಂದು ಗುರುತಿಸಿ, ರಕ್ತಪರೀಕ್ಷೆಗೂ ಕಾಯದೆ ಹತ್ತು ದಿನಗಳ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಮಚ್ಚೆ ಮಾಯವಾಯಿತು. ಆದರೆ ಆಯಾಸ, ಮೈಕೈ ನೋವು ಮತ್ತು ಕೆಲವು ರಾತ್ರಿಗಳಲ್ಲಿ ಬಟ್ಟೆ ತೋಯುವಷ್ಟು ಬೆವರು ಈಗಲೂ ಇವೆ.

ಈ ನಡುವೆ ಸಂಶೋಧನಾ ಪ್ರಬಂಧಗಳನ್ನು ಓದುತ್ತಿದ್ದೇನೆ. ನನ್ನ ವೃತ್ತಿ ಬೇರೆಯಾದ್ದರಿಂದ ಎಲ್ಲವೂ ಅರ್ಥವಾಗುವುದಿಲ್ಲ. ಡಾಕ್ಸಿಸೈಕ್ಲಿನ್ ಈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಪೂರ್ತಿಯಾಗಿ ಕೊಲ್ಲುವುದಿಲ್ಲ, ‘ಪರ್ಸಿಸ್ಟರ್’ ಎಂಬ ಕೋಶಗಳು ಉಳಿದುಬಿಡುತ್ತವೆ, ಡಾಪ್ಟೊಮೈಸಿನ್‌ನಂತಹ ಔಷಧಿಗಳನ್ನು ಬೆರೆಸಿದಾಗ ಮಾತ್ರ ಕೊಳವೆ ಸಂಪೂರ್ಣ ನಿರ್ಜೀವವಾಗುತ್ತದೆ ಎಂದು ಅವುಗಳಲ್ಲಿ ಬರೆದಿದೆ. ಲವಂಗದ ಎಣ್ಣೆ, ದಾಲ್ಚಿನ್ನಿ ಎಣ್ಣೆಗಳೂ ಅದೇ ಕೆಲಸ ಮಾಡುತ್ತವೆ ಎಂಬ ಪ್ರಬಂಧವೂ ಸಿಕ್ಕಿತು.

ನಮ್ಮ ಊರಿನಲ್ಲಿ ಮೂತ್ರದ ಸೋಂಕಾದರೂ ಕಲ್ಚರ್ ಮಾಡಿಸಿ, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿ, ಯಾವ ಔಷಧಿ ನಾಟುತ್ತದೆ ಎಂಬ ಸೆನ್ಸಿಟಿವಿಟಿ ವರದಿ ನೋಡಿಯೇ ಮಾತ್ರೆ ಕೊಡುತ್ತಾರೆ. ಲೈಮ್‌ಗೆ ಅಂತಹ ವರದಿಯನ್ನು ಏಕೆ ಮಾಡಿಸುವುದಿಲ್ಲ? ಪ್ರಯೋಗಾಲಯದಲ್ಲಿ ಗೆದ್ದ ಔಷಧಿಯನ್ನು ವೈದ್ಯರು ಏಕೆ ಬರೆಯುವುದಿಲ್ಲ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಸೂಕ್ಷ್ಮಜೀವಿ ಮೇಷ್ಟ್ರು ಉತ್ತರಿಸಿದ್ದಾರೆ:

ತುಂಗಾತೀರ ಅವರೇ, ನಿಮ್ಮ ಮನೆಯವರು ಬೇಗ ಚೇತರಿಸಿಕೊಳ್ಳಲಿ. ನಾನು ಬಹಳ ವರ್ಷ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವನು. ಚಿಕಿತ್ಸೆಯ ಮಾತನ್ನು ವೈದ್ಯರಿಗೆ ಬಿಟ್ಟು ಪರೀಕ್ಷೆಯ ವಿಷಯವನ್ನಷ್ಟೇ ಹೇಳುತ್ತೇನೆ.

ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಕಾರಣವಾಗುವ ಇ. ಕೊಲೈ ಅನುಕೂಲ ವಾತಾವರಣದಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಸಂಜೆ ತಟ್ಟೆಗೆ ಹಚ್ಚಿದರೆ ಬೆಳಿಗ್ಗೆ ಕಣ್ಣಿಗೆ ಕಾಣುವ ಕಾಲೊನಿಗಳಿರುತ್ತವೆ. ಅವುಗಳನ್ನು ಹೊಸ ತಟ್ಟೆಗೆ ಹರಡಿ ಮೇಲೆ ಔಷಧಿಯ ಬಿಲ್ಲೆಗಳನ್ನಿಟ್ಟರೆ ಮರುದಿನ ಉತ್ತರ ಸಿಗುತ್ತದೆ. ಲೈಮ್ ಕಾಯಿಲೆಯ ಬೊರೇಲಿಯಾ ಬರ್ಗ್‌ಡಾರ್ಫೆರಿಗೆ ಇಬ್ಭಾಗವಾಗಲು ಒಳ್ಳೆಯ ಸ್ಥಿತಿಯಲ್ಲೂ ಏಳೆಂಟು ಗಂಟೆ ಬೇಕು, ಹಲವು ಸಲ ಅದಕ್ಕಿಂತ ಹೆಚ್ಚು. ತನಗೆ ಬೇಕಾದ ಎಷ್ಟೋ ಪೋಷಕಾಂಶಗಳನ್ನು ಅದು ತಾನೇ ತಯಾರಿಸಿಕೊಳ್ಳಲಾರದು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಅವರು ನ್ಯೂಯಾರ್ಕ್ ರಾಜ್ಯದ ಶೆಲ್ಟರ್ ದ್ವೀಪದಿಂದ ತಂದ ಉಣುಗುಗಳ ಕರುಳಿನಲ್ಲಿ ಈ ಸುರುಳಿ ಜೀವಿಯನ್ನು ಕಂಡರು. ಅದನ್ನು ಕೊಳವೆಯಲ್ಲಿ ಬೆಳೆಸಿದವರು, ಬರ್ಗ್‌ಡಾರ್ಫರ್ ಕೆಲಸ ಮಾಡುತ್ತಿದ್ದ ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯದವರೇ ಆದ ಅಲನ್ ಬಾರ್ಬರ್. ಅವರ ಹೆಸರಿನ ಮೊದಲಕ್ಷರವನ್ನೂ ಹೊತ್ತಿರುವ ಬಿ.ಎಸ್.ಕೆ. ಎಂಬ ಪೋಷಕ ಮಾಧ್ಯಮವೇ ಇಂದಿಗೂ ಬಳಕೆಯಲ್ಲಿದೆ. ಮೊಲದ ಸೀರಂ, ಹಸುವಿನ ಆಲ್ಬುಮಿನ್, ಎನ್-ಅಸಿಟೈಲ್ ಗ್ಲುಕೋಸಮೈನ್ ಮುಂತಾದವು ಸೇರಿದ ಈ ದ್ರಾವಣದಲ್ಲಿ, 33-34 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಆಮ್ಲಜನಕ ಕಡಿಮೆಯಿರುವ ಮುಚ್ಚಿದ ಕೊಳವೆಯಲ್ಲಿ ಅದು ಬೆಳೆಯುತ್ತದೆ.

ಬೆಳೆಸುವುದಕ್ಕಿಂತ ಮೊದಲು ರೋಗಿಯ ದೇಹದಿಂದ ಅದನ್ನು ಪಡೆಯಬೇಕಲ್ಲ, ಅದೇ ದೊಡ್ಡ ತೊಡಕು. ಕೆಂಪು ಮಚ್ಚೆಯ ಅಂಚಿನಿಂದ ಚರ್ಮದ ತುಣುಕು ತೆಗೆದರೆ ಸಾಕಷ್ಟು ಸಲ ಬೆಳೆಯುತ್ತದೆ. ರಕ್ತದಲ್ಲಿ ಅದರ ಸಂಖ್ಯೆ ತೀರಾ ಕಡಿಮೆ, ಅದೂ ರೋಗದ ಮೊದಲ ವಾರಗಳಲ್ಲಿ ಮಾತ್ರ. ಕೀಲಿನ ದ್ರವದಿಂದ ಬೆಳೆಯುವುದು ಬಹಳ ಅಪರೂಪ. ಬೆಳೆದರೂ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಚಿಕಿತ್ಸೆಯ ಅವಧಿ ಮುಗಿದೇ ಹೋಗಿರುತ್ತದೆ.

ಇನ್ನು ಪರೀಕ್ಷೆ ನಡೆಯುವ ಬಗೆ. ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ಫಲಕದಲ್ಲಿ ಔಷಧಿಯನ್ನು ಸಾಲಾಗಿ ಅರ್ಧರ್ಧ ತೆಳುಗೊಳಿಸುತ್ತ ಹೋಗಿ, ಪ್ರತಿ ಗುಳಿಗೂ ಎಣಿಸಿದ ಬ್ಯಾಕ್ಟೀರಿಯಾಗಳನ್ನು ಹಾಕಿ, ಸಾಮಾನ್ಯವಾಗಿ 72 ಗಂಟೆಗಳ ನಂತರ ನೋಡುತ್ತಾರೆ. ಬೆಳೆಯುವ ಬೊರೇಲಿಯಾ ಆಮ್ಲವನ್ನು ಬಿಡುವುದರಿಂದ ಮಾಧ್ಯಮದಲ್ಲಿರುವ ಫಿನಾಲ್ ರೆಡ್ ಎಂಬ ಬಣ್ಣ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಫ್ರಾಂಕ್‌ಫರ್ಟ್‌ನ ಹುನ್‌ಫೆಲ್ಡ್ ಮತ್ತು ಸಂಗಡಿಗರು 2000ದ ಸುಮಾರಿಗೆ ಈ ಬಣ್ಣದ ಬದಲಾವಣೆಯನ್ನೇ ಯಂತ್ರದಿಂದ ಅಳೆಯುವ ಕ್ರಮವನ್ನು ರೂಪಿಸಿದರು. ಬೆಳವಣಿಗೆ ನಿಂತ ಅತಿ ಕಡಿಮೆ ಸಾಂದ್ರತೆಗೆ ಎಂ.ಐ.ಸಿ. ಎನ್ನುತ್ತಾರೆ. ಬೆಳವಣಿಗೆ ನಿಂತ ಗುಳಿಗಳಿಂದ ಸ್ವಲ್ಪ ದ್ರವವನ್ನು ಔಷಧಿಯಿಲ್ಲದ ಹೊಸ ಮಾಧ್ಯಮಕ್ಕೆ ವರ್ಗಾಯಿಸಿ, ಮೂರು ವಾರ ಕಾದು, ಮತ್ತೆ ಚಿಗುರುತ್ತದೆಯೇ ಎಂದು ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಗುವ, ಕೊಲ್ಲುವ ಪ್ರಮಾಣವೇ ಎಂ.ಬಿ.ಸಿ. ಬೊರೇಲಿಯಾದ ವಿಷಯದಲ್ಲಿ ಈ ಎರಡರ ನಡುವಿನ ಅಂತರ ಬಹಳ ದೊಡ್ಡದಿರಬಹುದು.

ಒಂದು ಔಷಧಿಗೆ ಇಷ್ಟು ಎಂ.ಐ.ಸಿ. ಬಂದರೆ ‘ನಾಟುತ್ತದೆ’, ಅಷ್ಟು ಬಂದರೆ ‘ನಾಟುವುದಿಲ್ಲ’ ಎಂದು ತೀರ್ಮಾನಿಸುವ ಗಡಿಯನ್ನು ಇ. ಕೊಲೈ ಮುಂತಾದವಕ್ಕೆ ಅಮೆರಿಕದ ಸಿ.ಎಲ್.ಎಸ್.ಐ. ಮತ್ತು ಯುರೋಪಿನ ಇಯುಕ್ಯಾಸ್ಟ್ ಎಂಬ ಮಾನದಂಡ ಸಂಸ್ಥೆಗಳು ಗೊತ್ತುಮಾಡಿವೆ. ಬೊರೇಲಿಯಾಕ್ಕೆ ಅಂತಹ ಗಡಿಯಿಲ್ಲ. ಒಂದು ಪ್ರಯೋಗಾಲಯ ಒಂದು ಮಿಲಿಲೀಟರಿಗೆ ಲಕ್ಷ ಕೋಶ ಹಾಕಿದರೆ ಇನ್ನೊಂದು ಕೋಟಿ ಹಾಕುತ್ತದೆ, ಮಾಧ್ಯಮದ ಸೀರಂ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆದ್ದರಿಂದ ಎರಡು ಪ್ರಬಂಧಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಬಹಳ ಎಚ್ಚರ ಬೇಕು.

ಇಷ್ಟೆಲ್ಲ ಇದ್ದರೂ, ವರದಿ ಮಾಡಿಸದಿರುವುದಕ್ಕೆ ನನಗೆ ಮುಖ್ಯವೆನಿಸುವ ಕಾರಣ ಬೇರೆ. ಇ. ಕೊಲೈ ಔಷಧಿಗಳಿಗೆ ಪ್ರತಿರೋಧವನ್ನು ಗಳಿಸಿಕೊಂಡಿದೆ; ಒಬ್ಬರಲ್ಲಿ ನಾಟಿದ ಔಷಧಿ ಇನ್ನೊಬ್ಬರಲ್ಲಿ ನಾಟುವುದಿಲ್ಲವಾದ್ದರಿಂದಲೇ ವರದಿ ಬೇಕಾಗುತ್ತದೆ. ಬೊರೇಲಿಯಾಕ್ಕೆ ಕೆಲವು ಔಷಧಿಗಳು ಹುಟ್ಟಿನಿಂದಲೇ ನಾಟುವುದಿಲ್ಲ. ರಿಫಾಂಪಿಸಿನ್ ಅಂತಹದು, ಬೇರೆ ಬ್ಯಾಕ್ಟೀರಿಯಾಗಳು ನುಸುಳದಂತೆ ಅದನ್ನು ಬೊರೇಲಿಯಾ ಬೆಳೆಸುವ ಮಾಧ್ಯಮಕ್ಕೇ ಬೆರೆಸುವ ರೂಢಿಯಿದೆ. ಆದರೆ ಚಿಕಿತ್ಸೆಯಲ್ಲಿ ಬಳಸುವ ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್, ಸೆಫ್ಟ್ರಯಾಕ್ಸೋನ್‌ಗಳಿಗೆ ರೋಗಿಗಳಲ್ಲಿನ ಬೊರೇಲಿಯಾ ಹೊಸದಾಗಿ ಪ್ರತಿರೋಧ ಬೆಳೆಸಿಕೊಂಡದ್ದು ಚಿಕಿತ್ಸೆಯ ಸಮಸ್ಯೆಯಾಗಿ ಕಂಡುಬಂದಿಲ್ಲ. ನಿಮ್ಮ ಮನೆಯವರ ದೇಹದಿಂದ ಬ್ಯಾಕ್ಟೀರಿಯಾ ತೆಗೆದು ವರದಿ ಮಾಡಿಸಿದ್ದರೂ ಅದು ಎಲ್ಲರ ವರದಿಯಂತೆಯೇ ಇರುತ್ತಿತ್ತು.

ಗಾಜಿನ ಕೊಳವೆ ಉತ್ತರಿಸಿದ್ದಾರೆ:

ಮೇಷ್ಟ್ರು ಹೇಳಿದ್ದಕ್ಕೆ ಮುಂದುವರಿಕೆಯಾಗಿ ಪರ್ಸಿಸ್ಟರ್ ವಿಷಯವನ್ನು ಹೇಳುತ್ತೇನೆ. ಬ್ಯಾಕ್ಟೀರಿಯಾಗಳ ಮೇಲೆ ಔಷಧಿ ಪರೀಕ್ಷಿಸುವುದೇ ನನ್ನ ನಿತ್ಯದ ಕೆಲಸ, ಮತ್ತು ಈ ಪ್ರಬಂಧಗಳು ತಪ್ಪು ಓದಿಗೆ ಸಿಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅವು ಒಳ್ಳೆಯ ಪ್ರಬಂಧಗಳು.

ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಅವರ ತಂಡ 2015ರಲ್ಲಿ ತೋರಿಸಿದ್ದೇನೆಂದರೆ, ಬೆಳೆಯುತ್ತಿರುವ ಬೊರೇಲಿಯಾಕ್ಕೆ ಅಮಾಕ್ಸಿಸಿಲಿನ್ ಅಥವಾ ಸೆಫ್ಟ್ರಯಾಕ್ಸೋನ್ ಹಾಕಿದಾಗ ಬಹುಪಾಲು ಕೋಶಗಳು ಸಾಯುತ್ತವೆ, ಒಂದು ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಉಳಿದವನ್ನು ಮತ್ತೆ ಬೆಳೆಸಿ ಮತ್ತೆ ಔಷಧಿ ಹಾಕಿದರೆ ಮತ್ತೆ ಬಹುಪಾಲು ಸಾಯುತ್ತವೆ, ಮತ್ತೆ ಅಷ್ಟೇ ಸಣ್ಣ ಪಾಲು ಉಳಿಯುತ್ತದೆ. ಉಳಿದ ಕೋಶಗಳ ಸಂತತಿ ಔಷಧಿಗೆ ಮೊದಲಿನಷ್ಟೇ ಬಗ್ಗುವುದರಿಂದ ಇದನ್ನು ಪ್ರತಿರೋಧ ಎನ್ನಲಾಗದು. ಔಷಧಿ ಬಿದ್ದ ಹೊತ್ತಿನಲ್ಲಿ ಆ ಕೋಶಗಳು ಹೆಚ್ಚುಕಡಿಮೆ ನಿದ್ರಿಸುತ್ತಿದ್ದವು, ಅಷ್ಟೆ. ಪೆನಿಸಿಲಿನ್ ಬಳಗದ ಔಷಧಿಗಳು ಕೋಶದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸಿ ಕೊಲ್ಲುತ್ತವೆ. ಗೋಡೆಯನ್ನೇ ಕಟ್ಟದೆ ಮಲಗಿರುವ ಕೋಶದಲ್ಲಿ ಅವುಗಳಿಗೆ ಕೆಡಿಸಲು ಕೆಲಸವಿರುವುದಿಲ್ಲ.

ಅದೇ ಪ್ರಬಂಧದಲ್ಲಿ ಜನರು ಗಮನಿಸದ ಎರಡು ಸಂಗತಿಗಳಿವೆ. ಮೈಟೊಮೈಸಿನ್ ಸಿ ಎಂಬ ಔಷಧಿ ಪರ್ಸಿಸ್ಟರ್‌ಗಳನ್ನೂ ಸೇರಿಸಿ ಎಲ್ಲವನ್ನೂ ಕೊಂದಿತು. ಅದು ಡಿ.ಎನ್.ಎ.ಗೆ ಅಂಟಿಕೊಳ್ಳುವ ಕ್ಯಾನ್ಸರ್ ಔಷಧಿ. ಅದನ್ನು ಲೈಮ್ ರೋಗಿಗೆ ಕೊಡಬೇಕೆಂದು ಲೇಖಕರೂ ಸೇರಿದಂತೆ ಯಾರೂ ಹೇಳುವುದಿಲ್ಲ. ಎರಡನೆಯದಾಗಿ, ಸೆಫ್ಟ್ರಯಾಕ್ಸೋನ್ ಹಾಕಿ, ತೊಳೆದು ತೆಗೆದು, ಉಳಿದ ಕೋಶಗಳು ಎಚ್ಚರಗೊಳ್ಳಲು ಬಿಟ್ಟು, ಮತ್ತೆ ಹಾಕುತ್ತ ನಾಲ್ಕು ಸುತ್ತು ಮುಗಿಸಿದಾಗ ಕೊಳವೆಯಲ್ಲಿ ಜೀವಂತ ಕೋಶ ಉಳಿಯಲಿಲ್ಲ. ಅಂದರೆ ಹಳೆಯ ಔಷಧಿಯೇ ಕೊಡುವ ಕ್ರಮ ಬದಲಾದಾಗ ಬೇರೆ ಫಲ ಕೊಟ್ಟಿತು. ಇದು ನನಗೆ ಆ ಪ್ರಬಂಧದ ಅತ್ಯಂತ ಸೊಗಸಾದ ಭಾಗ.

ನೀವು ಹೇಳುವ ಡಾಪ್ಟೊಮೈಸಿನ್ ವಿಷಯ ಜಾನ್ಸ್ ಹಾಪ್‌ಕಿನ್ಸ್‌ನ ಯಿಂಗ್ ಜಾಂಗ್ ಅವರ ತಂಡದ್ದಿರಬೇಕು. ಅಮೆರಿಕದಲ್ಲಿ ಆಗಲೇ ಅನುಮತಿ ಪಡೆದ ಔಷಧಿಗಳ ಸಂಗ್ರಹವನ್ನು ಅವರು 2014ರಲ್ಲಿ ಬೊರೇಲಿಯಾದ ಮೇಲೆ ಜರಡಿ ಹಿಡಿದರು. ಡಾಪ್ಟೊಮೈಸಿನ್, ಸೆಫೊಪೆರಜೋನ್, ನಮ್ಮಲ್ಲಿ ಕುಷ್ಠರೋಗಕ್ಕೆ ಕೊಡುವ ಕ್ಲೊಫಾಜಿಮಿನ್ ಮುಂತಾದವು ಮೇಲೆ ಬಂದವು. ಮುಂದಿನ ವರ್ಷ ಡಾಪ್ಟೊಮೈಸಿನ್, ಸೆಫೊಪೆರಜೋನ್ ಮತ್ತು ಡಾಕ್ಸಿಸೈಕ್ಲಿನ್ ಮೂರನ್ನೂ ಬೆರೆಸಿದಾಗ ಒಳ್ಳೆಯ ಫಲ ಸಿಕ್ಕಿದ್ದನ್ನು ಪ್ರಕಟಿಸಿದರು. ಇಲ್ಲಿ ಗಮನಿಸಬೇಕಾದ್ದು, ಅವರು ಬಳಸಿದ್ದು ಬೆಳೆದು ನಿಂತು ಹಳತಾದ ಕಲ್ಚರ್. ದಿನಗಟ್ಟಲೆ ಬೆಳೆದ ಮಾಧ್ಯಮದಲ್ಲಿ ಆಹಾರ ಮುಗಿದು, ಆಮ್ಲ ಹೆಚ್ಚಿ, ಕೋಶಗಳು ದುಂಡಗಾಗುತ್ತವೆ, ಗುಂಪುಗೂಡುತ್ತವೆ. ಮನುಷ್ಯನ ಚರ್ಮದಲ್ಲೋ ಕೀಲಿನಲ್ಲೋ ಇರುವ ಬೊರೇಲಿಯಾ ಇದೇ ಸ್ಥಿತಿಯಲ್ಲಿರುತ್ತದೆ ಎಂದು ತೋರಿಸಿಲ್ಲ. ಅದು ಒಂದು ಊಹೆ, ಪರೀಕ್ಷೆಗೆ ಅನುಕೂಲವಾದ ಊಹೆ.

ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಆ ಜರಡಿಯಲ್ಲಿ ಎರಡು ಬಣ್ಣಗಳನ್ನು ಬಳಸುತ್ತಾರೆ. ಸೈಬರ್ ಗ್ರೀನ್ ಎಲ್ಲ ಕೋಶಗಳೊಳಗೂ ಹೋಗಿ ಹಸಿರಾಗಿ ಬೆಳಗುತ್ತದೆ. ಪ್ರೊಪಿಡಿಯಮ್ ಅಯೊಡೈಡ್ ಪೊರೆ ಹರಿದ ಕೋಶಗಳೊಳಗೆ ಮಾತ್ರ ಹೋಗಿ ಕೆಂಪು ಕೊಡುತ್ತದೆ. ನೂರಾರು ಔಷಧಿಗಳನ್ನು ಬೇಗ ನೋಡಲು ಇದು ಬಹಳ ಒಳ್ಳೆಯ ಉಪಾಯ. ಆದರೆ ಡಾಪ್ಟೊಮೈಸಿನ್ ಪೊರೆಯನ್ನೇ ಹರಿಯುವ ಔಷಧಿಯಾದ್ದರಿಂದ ಅದು ಈ ಬಣ್ಣದ ಪರೀಕ್ಷೆಯಲ್ಲಿ ಸಹಜವಾಗಿಯೇ ಚೆನ್ನಾಗಿ ಕಾಣುತ್ತದೆ, ಮತ್ತು ಪೊರೆ ಹರಿಯದೆ ಕೋಶದ ಒಳಗಿನ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವ ಡಾಕ್ಸಿಸೈಕ್ಲಿನ್ ದುರ್ಬಲವಾಗಿ ಕಾಣುತ್ತದೆ. ಹಸಿರಾಗಿ ಕಂಡ ಕೋಶವೆಲ್ಲ ಮತ್ತೆ ಬೆಳೆಯಬಲ್ಲದು ಎಂದೇನೂ ಇಲ್ಲ. ಹೊಸ ಮಾಧ್ಯಮದಲ್ಲಿ ಚಿಗುರಿದ್ದೇ ಬದುಕಿನ ಖಚಿತ ಪುರಾವೆ. ಲೂಯಿಸ್ ತಂಡ ಹೀಗೆ ಚಿಗುರುವುದನ್ನು ಎಣಿಸಿ ನೋಡಿದಾಗ, ಡಾಪ್ಟೊಮೈಸಿನ್ ಒಂದೇ ಪರ್ಸಿಸ್ಟರ್‌ಗಳನ್ನು ಕೊಲ್ಲಲಿಲ್ಲ.

ಎಣ್ಣೆಗಳ ಪ್ರಬಂಧವನ್ನೂ ನೋಡಿದ್ದೇನೆ. ಅದು 2017ರದು, ಜಾಂಗ್ ಅವರ ತಂಡದ್ದು. ಅದರಲ್ಲಿ ಓರೆಗಾನೊ ಎಣ್ಣೆ 0.05 ಶೇಕಡಾ ಸಾಂದ್ರತೆಯಲ್ಲಿ ಕಲ್ಚರನ್ನು ನಿರ್ಜೀವಗೊಳಿಸಿತು. ಕೇಳಲು ಅತಿ ಸಣ್ಣ ಪ್ರಮಾಣ. ಆದರೆ ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಆ ಸಾಂದ್ರತೆ ಬರಬೇಕಾದರೆ ಎರಡೂವರೆ ಮಿಲಿಲೀಟರ್ ಶುದ್ಧ ಎಣ್ಣೆ ರಕ್ತದಲ್ಲೇ ಇರಬೇಕು. ನುಂಗಿದ ಎಣ್ಣೆ ಕರುಳು ಮತ್ತು ಯಕೃತ್ತನ್ನು ದಾಟುವಾಗಲೇ ಬಹುಪಾಲು ರೂಪಾಂತರಗೊಂಡು, ಉಳಿದದ್ದು ಕೊಬ್ಬು ಮತ್ತು ಅಂಗಾಂಶಗಳಿಗೆ ಹಂಚಿಹೋಗುತ್ತದೆ. ಆ ಮಟ್ಟ ತಲುಪಬೇಕೆಂದು ಕುಡಿದರೆ ಯಕೃತ್ತಿಗೆ ಹಾನಿಯಾಗುತ್ತದೆ. ಲವಂಗದ ಎಣ್ಣೆಯನ್ನು ಹೆಚ್ಚಾಗಿ ನುಂಗಿ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ದಯವಿಟ್ಟು ಮನೆಯಲ್ಲಿ ಪ್ರಯತ್ನಿಸಬೇಡಿ.

ಹಡ್ಸನ್ ಕಣಿವೆಯ ವೈದ್ಯೆ ಉತ್ತರಿಸಿದ್ದಾರೆ:

ತುಂಗಾತೀರ ಅವರಿಗೆ ನಮಸ್ಕಾರ. ನಾನು ನಿಮ್ಮ ಮನೆಯವರನ್ನು ಪರೀಕ್ಷಿಸಿಲ್ಲವಾದ್ದರಿಂದ ಇದನ್ನು ಸಾಮಾನ್ಯ ಮಾಹಿತಿಯೆಂದೇ ಓದಿ.

ಕೊಳವೆಯಲ್ಲಿ ಗೆದ್ದ ಔಷಧಿ ರೋಗಿಯಲ್ಲೂ ಗೆಲ್ಲುತ್ತದೆಯೇ ಎಂಬ ಪ್ರಶ್ನೆಗೆ ಲೈಮ್ ಕಾಯಿಲೆಯ ಚರಿತ್ರೆಯಲ್ಲೇ ಸ್ಪಷ್ಟ ಉತ್ತರವಿದೆ. ಅಜಿತ್ರೊಮೈಸಿನ್‌ನ ಎಂ.ಐ.ಸಿ. ಬೊರೇಲಿಯಾದ ಮೇಲೆ ಅತ್ಯಂತ ಕಡಿಮೆ. ಅಂಕಿಯನ್ನಷ್ಟೇ ನೋಡಿದರೆ ಅದು ಅಮಾಕ್ಸಿಸಿಲಿನ್‌ಗಿಂತ ಎಷ್ಟೋ ಪಾಲು ಪ್ರಬಲ. ಅಂಗಾಂಶಗಳಲ್ಲಿ ಅದು ಚೆನ್ನಾಗಿ ಸೇರಿಕೊಳ್ಳುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಎಲ್ಲ ರೀತಿಯಿಂದಲೂ ಗೆಲ್ಲಬೇಕಾದ ಔಷಧಿ. 1996ರಲ್ಲಿ ಲಫ್ಟ್ ಮತ್ತು ಸಂಗಡಿಗರು ಕೆಂಪು ಮಚ್ಚೆಯಿದ್ದ 246 ರೋಗಿಗಳಲ್ಲಿ ಏಳು ದಿನಗಳ ಅಜಿತ್ರೊಮೈಸಿನ್ ಮತ್ತು ಇಪ್ಪತ್ತು ದಿನಗಳ ಅಮಾಕ್ಸಿಸಿಲಿನ್‌ಗಳನ್ನು ಹೋಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ರೋಗ ಮರುಕಳಿಸಿದ್ದು ಅಮಾಕ್ಸಿಸಿಲಿನ್ ತೆಗೆದುಕೊಂಡವರಲ್ಲಿ ಶೇ. 4, ಅಜಿತ್ರೊಮೈಸಿನ್ ತೆಗೆದುಕೊಂಡವರಲ್ಲಿ ಶೇ. 16. ಅದೇ ಬಳಗದ ಹಳೆಯ ಔಷಧಿಯಾದ ಎರಿಥ್ರೊಮೈಸಿನ್ ಕೂಡ ಕೊಳವೆಯಲ್ಲಿ ಚುರುಕಾಗಿದ್ದು ರೋಗಿಗಳಲ್ಲಿ ಹಿಂದೆ ಬಿದ್ದಿತ್ತು. ಇಂದಿಗೂ ಅಜಿತ್ರೊಮೈಸಿನ್ ಅನ್ನು ಬೇರೆ ಔಷಧಿ ಒಗ್ಗದವರಿಗೆ ಮಾತ್ರ ಎರಡನೆಯ ಆಯ್ಕೆಯಾಗಿ ಕೊಡುತ್ತೇವೆ.

ಡಾಕ್ಸಿಸೈಕ್ಲಿನ್‌ನ ಕತೆ ಇದಕ್ಕೆ ತಿರುಗುಮುರುಗು. ಕೊಳವೆಯಲ್ಲಿ ಅದು ಹೆಚ್ಚಾಗಿ ಬೆಳವಣಿಗೆ ತಡೆಯುವ ಔಷಧಿ. ಕೊಳವೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಔಷಧಿ ಎರಡೇ ಇರುತ್ತವೆ. ದೇಹದಲ್ಲಿ ಪ್ರತಿಕಾಯಗಳು, ಕಾಂಪ್ಲಿಮೆಂಟ್ ಪ್ರೋಟೀನ್‌ಗಳು, ನುಂಗುವ ಬಿಳಿ ರಕ್ತಕಣಗಳು ಇವೆ, ಬೆಳವಣಿಗೆ ನಿಂತ ಬ್ಯಾಕ್ಟೀರಿಯಾವನ್ನು ಮುಗಿಸುವ ಕೆಲಸವನ್ನು ಅವು ಮಾಡುತ್ತವೆ. ಹಾಗಾಗಿಯೇ 2020ರ ಅಮೆರಿಕದ ಮಾರ್ಗಸೂಚಿ ಕೆಂಪು ಮಚ್ಚೆಯ ಹಂತಕ್ಕೆ ಹತ್ತು ದಿನಗಳ ಡಾಕ್ಸಿಸೈಕ್ಲಿನ್ ಸಾಕೆಂದು ಹೇಳುತ್ತದೆ. ಚಿಕಿತ್ಸೆಯ ನಂತರ ಮತ್ತೊಮ್ಮೆ ಮಚ್ಚೆ ಬಂದವರಲ್ಲಿ ಹಳೆಯ ಬ್ಯಾಕ್ಟೀರಿಯಾ ಎದ್ದಿತೇ ಎಂದು ವರ್ಮ್ಸರ್ ಮತ್ತು ಸಂಗಡಿಗರು 2012ರಲ್ಲಿ ಪರಿಶೀಲಿಸಿದರು. 17 ರೋಗಿಗಳಲ್ಲಿ ಎರಡೂ ಬಾರಿ ಬೆಳೆಸಿದ ಬೊರೇಲಿಯಾಗಳ, ತಳಿಯನ್ನು ಗುರುತಿಸಲು ನೆರವಾಗುವ ಓ.ಎಸ್.ಪಿ.ಸಿ. ಜೀನ್ ಹೋಲಿಸಿದಾಗ ಪ್ರತಿ ಸಲವೂ ಬೇರೆ ಬೇರೆ ತಳಿ ಸಿಕ್ಕಿತು. ಅಂದರೆ ಅವರಿಗೆ ಹೊಸದಾಗಿ ಉಣುಗು ಕಚ್ಚಿತ್ತು.

ಪ್ರಾಣಿಗಳಲ್ಲಿ ಬೇರೆ ಬಗೆಯ ಫಲಿತಾಂಶಗಳಿವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಇಲಿಗಳಲ್ಲೂ, ಟುಲೇನ್ ವಿಶ್ವವಿದ್ಯಾಲಯದ ಎಂಬರ್ಸ್ ತಂಡ 2012ರಲ್ಲಿ ಪ್ರಕಟಿಸಿದಂತೆ ರೀಸಸ್ ಕೋತಿಗಳಲ್ಲೂ, ಚಿಕಿತ್ಸೆಯ ನಂತರ ಬೊರೇಲಿಯಾದ ಕುರುಹುಗಳು ಸಿಕ್ಕಿವೆ. ಆದರೆ ಅವು ಜೀವಂತ ಸೋಂಕೋ, ಸತ್ತ ಬ್ಯಾಕ್ಟೀರಿಯಾದ ಉಳಿಕೆಯೋ, ಅವುಗಳಿಂದಲೇ ಆಯಾಸ ಮತ್ತು ನೋವು ಬರುತ್ತವೆಯೋ ಎಂಬುದು ಚರ್ಚೆಯಲ್ಲಿದೆ. ದೀರ್ಘಕಾಲ ಔಷಧಿ ಕೊಟ್ಟರೆ ರೋಗಿಗಳು ಸುಧಾರಿಸುತ್ತಾರೆಯೇ ಎಂಬುದನ್ನಂತೂ ನೇರವಾಗಿಯೇ ಪರೀಕ್ಷಿಸಿದ್ದಾರೆ. ಕ್ಲೆಂಪ್ನರ್ ತಂಡ 2001ರಲ್ಲಿ 129 ರೋಗಿಗಳಲ್ಲಿ ಒಂದು ಪಾಲಿನವರಿಗೆ ಒಂದು ತಿಂಗಳು ಸೆಫ್ಟ್ರಯಾಕ್ಸೋನ್ ಡ್ರಿಪ್, ನಂತರ ಎರಡು ತಿಂಗಳು ಡಾಕ್ಸಿಸೈಕ್ಲಿನ್ ಕೊಟ್ಟು, ಔಷಧಿಯಿಲ್ಲದ ಪೊಳ್ಳು ಚಿಕಿತ್ಸೆಯೊಂದಿಗೆ ಹೋಲಿಸಿತು, ವ್ಯತ್ಯಾಸ ಕಾಣಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 280 ರೋಗಿಗಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಎರಡು ವಾರಗಳ ಸೆಫ್ಟ್ರಯಾಕ್ಸೋನ್ ನಂತರ ಇನ್ನೂ ಹನ್ನೆರಡು ವಾರ ಮಾತ್ರೆ ಮುಂದುವರಿಸಿದವರಿಗೆ ಹೆಚ್ಚಿನ ಲಾಭವಾಗಲಿಲ್ಲ. ತಿಂಗಳುಗಟ್ಟಲೆ ಇಟ್ಟ ಡ್ರಿಪ್ ನಳಿಕೆಯಿಂದ ರಕ್ತಕ್ಕೆ ಸೋಂಕು ತಗುಲಿ ಸತ್ತವರಿದ್ದಾರೆ. ಡಾಪ್ಟೊಮೈಸಿನ್ ಬರೆಯಲು ನಾವು ಹಿಂಜರಿಯುವುದು ಅದಕ್ಕೇ: ಅದು ಡ್ರಿಪ್‌ನಲ್ಲೇ ಕೊಡಬೇಕಾದ, ಸ್ನಾಯುಗಳಿಗೆ ಹಾನಿ ಮಾಡಬಲ್ಲ ಔಷಧಿ, ಲೈಮ್ ರೋಗಿಗಳಲ್ಲಿ ಅದರಿಂದ ಲಾಭವಿದೆ ಎಂದು ತೋರಿಸಿದ ಪ್ರಯೋಗವಿಲ್ಲ.

ನಿಮ್ಮ ಮನೆಯವರ ಆಯಾಸ ನಿಜವಾದದ್ದು. ಚಿಕಿತ್ಸೆಯ ನಂತರ ಕೆಲವರಲ್ಲಿ ಅದು ತಿಂಗಳುಗಳ ಕಾಲ ಉಳಿಯುತ್ತದೆ, ಬಹುಪಾಲು ಜನರಲ್ಲಿ ನಿಧಾನವಾಗಿ ಇಳಿಯುತ್ತದೆ. ಆದರೆ ಮೊಣಕಾಲು ಊದಿಕೊಂಡು ನೀರು ತುಂಬಿದರೆ, ಮುಖದ ಒಂದು ಬದಿ ಸೋತರೆ ಅಥವಾ ಎದೆಬಡಿತ ಏರುಪೇರಾದರೆ ಅದು ಬೇರೆ ಮಾತು. ಆಗ ತಡಮಾಡದೆ ಹೋಗಬೇಕು, ಅಂತಹ ಸಂದರ್ಭಗಳಿಗೆ ಮತ್ತೆ ಆಂಟಿಬಯೋಟಿಕ್ ಕೊಡುವ ಸ್ಪಷ್ಟ ಕ್ರಮವಿದೆ.

ತುಂಗಾತೀರ ಬರೆದಿದ್ದಾರೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಕೊಳವೆಯ ಅಂಕಿಯನ್ನು ನಂಬಿ ಔಷಧಿ ಕೊಡಲಾಗದು ಎಂದಾದರೆ ಇಷ್ಟು ಜನ ಇಷ್ಟು ವರ್ಷ ಆ ಪರೀಕ್ಷೆಗಳನ್ನು ಮಾಡುತ್ತಿರುವುದೇಕೆ? ಇತ್ತೀಚೆಗೆ ಪಿಪರಾಸಿಲಿನ್ ಎಂಬ ಔಷಧಿಯ ಸುದ್ದಿಯೂ ಬಂದಿತ್ತು. ಮತ್ತು ಮೇಡಂ, ರಾತ್ರಿಯ ಬೆವರಿನ ಬಗ್ಗೆ ತಾವು ಏನೂ ಹೇಳಲಿಲ್ಲ.

ಗಾಜಿನ ಕೊಳವೆ ಉತ್ತರಿಸಿದ್ದಾರೆ:

ಮೊದಲ ಪ್ರಶ್ನೆಗೆ ಹೈಗ್ರೊಮೈಸಿನ್ ಎ ಎಂಬ ಔಷಧಿಯ ಚರಿತ್ರೆಯನ್ನೇ ಉತ್ತರವಾಗಿ ಹೇಳುತ್ತೇನೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಈ ವಸ್ತು 1953ರಿಂದಲೇ ಗೊತ್ತಿತ್ತು. ಸಾಮಾನ್ಯ ರೋಗಾಣುಗಳ ಮೇಲೆ ಅದರ ಪ್ರಭಾವ ತೀರಾ ದುರ್ಬಲವಾಗಿದ್ದುದರಿಂದ ಯಾರೂ ಅದನ್ನು ಔಷಧಿಯಾಗಿ ಬೆಳೆಸಲಿಲ್ಲ. ಲೂಯಿಸ್ ಅವರ ತಂಡ ಮಣ್ಣಿನ ಜೀವಿಗಳ ಸಾರಗಳನ್ನು ಬೊರೇಲಿಯಾದ ಮೇಲೂ, ಹೋಲಿಕೆಗಾಗಿ ಸಾಮಾನ್ಯ ಬ್ಯಾಕ್ಟೀರಿಯಾದ ಮೇಲೂ ಪರೀಕ್ಷಿಸಿ, ಮೊದಲನೆಯದನ್ನು ಕೊಂದು ಎರಡನೆಯದನ್ನು ಮುಟ್ಟದ ವಸ್ತುವನ್ನು ಹುಡುಕಿತು. ಸಿಕ್ಕಿದ್ದು ಇದೇ ಹಳೆಯ ವಸ್ತು. ಅದರ ಪ್ರಭಾವ ಬೊರೇಲಿಯಾಕ್ಕೆ ಮಾತ್ರ ಏಕೆ ಎಂದು ಕೆದಕಿದಾಗ, ಬೊರೇಲಿಯಾ ತನ್ನ ಆಹಾರ ಸೆಳೆದುಕೊಳ್ಳಲು ಇಟ್ಟುಕೊಂಡ ಬಿ.ಎಂ.ಪಿ. ಎಂಬ ಸಾಗಣೆ ವ್ಯವಸ್ಥೆಯೇ ಈ ವಿಷವನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂಬುದು ಗೊತ್ತಾಯಿತು. ಒಳಹೊಕ್ಕ ಮೇಲೆ ಅದು ರೈಬೊಸೋಮ್ ಹಿಡಿದು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. 2021ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಇಲಿಗಳ ಸೋಂಕು ವಾಸಿಯಾಯಿತು, ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ತೊಂದರೆಯಾಗಲಿಲ್ಲ. ಕೊಳವೆಯ ಪರೀಕ್ಷೆ ಇಲ್ಲದಿದ್ದರೆ ಈ ವಸ್ತು ಇನ್ನೂ ಹಳೆಯ ಕಪಾಟಿನಲ್ಲೇ ಇರುತ್ತಿತ್ತು. ಸಾವಿರಾರು ವಸ್ತುಗಳಲ್ಲಿ ಇಲಿಯವರೆಗೆ ಯಾವುದನ್ನು ಒಯ್ಯಬೇಕು ಎಂದು ಹೇಳುವುದು ಕೊಳವೆಯ ಕೆಲಸ, ಮತ್ತು ಆ ಕೆಲಸಕ್ಕೆ ಅದರಷ್ಟು ಸಮರ್ಥವಾದದ್ದು ಇನ್ನೊಂದಿಲ್ಲ.

ಪಿಪರಾಸಿಲಿನ್ ಕೆಲಸ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬ್ರಾಂಡನ್ ಜುಟ್ರಾಸ್ ಅವರ ತಂಡದ್ದು, 2025ರಲ್ಲಿ ಪ್ರಕಟವಾಯಿತು. ಅದು ಪೆನಿಸಿಲಿನ್ ಬಳಗದ, ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇಂಜೆಕ್ಷನ್ ಔಷಧಿ. ಇಲಿಗಳಲ್ಲಿ ಡಾಕ್ಸಿಸೈಕ್ಲಿನ್‌ನ ಪರಿಣಾಮಕಾರಿ ಪ್ರಮಾಣದ ನೂರರಲ್ಲೊಂದು ಪಾಲಿನಲ್ಲೇ ಅದು ಸೋಂಕನ್ನು ವಾಸಿಮಾಡಿತು. ಬೊರೇಲಿಯಾ ತನ್ನ ಗೋಡೆಯನ್ನು ಕಟ್ಟುವ ವಿಶಿಷ್ಟ ರೀತಿಯನ್ನೇ ಅದು ಕೆಡಿಸುತ್ತದೆ. ಬಾಯಿಯಿಂದ ತೆಗೆದುಕೊಳ್ಳಲು ಬರುವುದಿಲ್ಲ ಎಂಬುದು ಅದರ ತೊಡಕು. ಡಾಕ್ಸಿಸೈಕ್ಲಿನ್‌ನೊಂದಿಗೆ ನೇರ ಹೋಲಿಕೆಯ ಪ್ರಯೋಗ ರೋಗಿಗಳಲ್ಲಿ ನಡೆಯುವವರೆಗೆ ಅದನ್ನು ಭರವಸೆಯ ಅಭ್ಯರ್ಥಿ ಎಂದಷ್ಟೇ ನೋಡಬೇಕು. ಅಜಿತ್ರೊಮೈಸಿನ್ ಕೂಡ ಒಂದು ಕಾಲದಲ್ಲಿ ಅದೇ ಜಾಗದಲ್ಲಿತ್ತು.

ಆಗುಂಬೆ ಮಳೆ ಕೇಳಿದ್ದಾರೆ:

ಚರ್ಚೆ ಬಹಳ ಉಪಯುಕ್ತವಾಗಿದೆ. ನಮ್ಮ ಮಲೆನಾಡಿನಲ್ಲಿ ಉಣುಗು ಕಚ್ಚುವುದು ನಿತ್ಯದ ಮಾತು. ಇಲ್ಲಿಯೂ ಕಚ್ಚಿದ ಕೂಡಲೇ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವುದು ಒಳ್ಳೆಯದೇ?

ಸೂಕ್ಷ್ಮಜೀವಿ ಮೇಷ್ಟ್ರು ಉತ್ತರಿಸಿದ್ದಾರೆ:

ಹಾಗೆ ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಕಚ್ಚಿದ 72 ಗಂಟೆಯೊಳಗೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಒಂದೇ ಸಲ ಕೊಡುವ ಕ್ರಮವಿರುವುದು ಬೊರೇಲಿಯಾ ಹೊರುವ ಐಕ್ಸೋಡಿಸ್ ಉಣುಗು ಹೆಚ್ಚಾಗಿರುವ ಪ್ರದೇಶಗಳಿಗಾಗಿ, ಅದೂ ಉಣುಗು ದಿನಕ್ಕಿಂತ ಹೆಚ್ಚು ಕಾಲ ಕಚ್ಚಿಕೊಂಡಿದ್ದರೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳಲ್ಲಿ ಉಣುಗಿನಿಂದ ನಾವು ಮುಖ್ಯವಾಗಿ ಹೆದರಬೇಕಾದದ್ದು ಮಂಗನ ಕಾಯಿಲೆಗೆ. ಅದನ್ನು ಹರಡುವುದು ಹೀಮಫೈಸಾಲಿಸ್ ಜಾತಿಯ ಉಣುಗು, ಅದಕ್ಕೆ ಕಾರಣ ವೈರಸ್. ಯಾವ ಆಂಟಿಬಯೋಟಿಕ್ ಕೂಡ ಅದರ ಮೇಲೆ ಕೆಲಸ ಮಾಡದು. ನಾಗರಹೊಳೆ ಮತ್ತು ಬಂಡೀಪುರದ ಕಾಡಂಚಿನ ಜನರ ರಕ್ತದಲ್ಲಿ ಬೊರೇಲಿಯಾ ವಿರುದ್ಧದ ಪ್ರತಿಕಾಯಗಳು ಸಿಕ್ಕ ವರದಿ 2020ರಲ್ಲಿ ಪ್ರಕಟವಾಗಿದೆ. ಆದರೆ ಪ್ರತಿಕಾಯ ಸಿಕ್ಕಿತೆಂದರೆ ಬ್ಯಾಕ್ಟೀರಿಯಾವೇ ಸಿಕ್ಕಿತೆಂದು ಅರ್ಥವಲ್ಲ, ಬೇರೆ ಸುರುಳಿ ಜೀವಿಗಳ ಸೋಂಕಿನಿಂದಲೂ ಆ ಪರೀಕ್ಷೆ ಧನಾತ್ಮಕವಾಗಬಹುದು. ಕಾಡಿಗೆ ಹೋಗಿ ಬಂದ ನಂತರ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ತಪ್ಪದೆ ಹೇಳಿ.

ಹಡ್ಸನ್ ಕಣಿವೆಯ ವೈದ್ಯೆ ಉತ್ತರಿಸಿದ್ದಾರೆ:

ತುಂಗಾತೀರ ಅವರೇ, ಬೆವರಿನ ಮಾತನ್ನು ಬೇರೆಯಾಗಿಯೇ ಬರೆಯಬೇಕೆಂದು ಉಳಿಸಿಕೊಂಡಿದ್ದೆ, ಏಕೆಂದರೆ ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಅದೇ. ಕನೆಕ್ಟಿಕಟ್‌ನಲ್ಲಿ ಬೊರೇಲಿಯಾ ಹೊರುವ ಅದೇ ಉಣುಗು ಬಬೇಸಿಯಾ ಮೈಕ್ರೋಟಿ ಎಂಬ ಪರೋಪಜೀವಿಯನ್ನೂ ಹೊರುತ್ತದೆ, ಒಂದೇ ಕಡಿತದಲ್ಲಿ ಎರಡೂ ಬರಬಹುದು. ಅದು ಮಲೇರಿಯಾದಂತೆ ಕೆಂಪು ರಕ್ತಕಣಗಳೊಳಗೆ ಸೇರಿಕೊಂಡು ಜ್ವರ, ಆಯಾಸ, ಬೆವರು, ರಕ್ತಹೀನತೆ ಉಂಟುಮಾಡುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ವಾಸಿಮಾಡುವುದಿಲ್ಲ. ಅಟೊವಾಕ್ವೋನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ಒಟ್ಟಿಗೆ ಕೊಡಬೇಕಾಗುತ್ತದೆ. ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಪಿ.ಸಿ.ಆರ್. ಮತ್ತು ಸಾಮಾನ್ಯ ರಕ್ತಕಣಗಳ ಎಣಿಕೆ, ಈ ಮೂರನ್ನು ಮಾಡಿಸುವಿರಾ ಎಂದು ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ. ಹಿಂದೆ ಯಾವಾಗಲಾದರೂ ಅವರ ಗುಲ್ಮ, ಅಂದರೆ ಸ್ಪ್ಲೀನ್ ಅನ್ನು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ತಿಳಿಸಿ; ಅಂತಹವರಲ್ಲಿ ಬಬೇಸಿಯಾ ತೀವ್ರವಾಗಬಹುದು, ಆಗ ಒಂದು ದಿನವೂ ಕಾಯುವಂತಿಲ್ಲ.